ಬೆಲೆಯನ್ನರಸಿ ಮೂರು ಪೇಟೆಗಳಿಗೆ

ಒಂದೇ ವಸ್ತುವಿಗೆ ಊರಿಗೊಂದು ಬೆಲೆ ಏಕೆ ಎಂಬ ಪ್ರಶ್ನೆಯು ಸಂಸಾರಸ್ಥರಾದವರಿಗೆ ಒಂದಲ್ಲ ಒಂದು ದಿನ ಹುಟ್ಟದೆ ಇರದು. ನಮ್ಮ ಮನೆಯಲ್ಲಿ ಅದು ಒಂದೇ ವಾರದಲ್ಲಿ ಎರಡು ಕಡೆಯಿಂದ ಹುಟ್ಟಿತು. ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಲ್ಲಿ ಸಂಸಾರ ಹೂಡಿರುವ ನನ್ನ ತಂಗಿಯ ಮಗನು ಭಾನುವಾರ ಫೋನಿನಲ್ಲಿ ಮಾತನಾಡುತ್ತ, “ಮಾವ, ಹುಡುಗನ ಹುಟ್ಟುಹಬ್ಬಕ್ಕೆ ಒಂದು ವಿಡಿಯೋ ಗೇಮ್ ಕೊಡಿಸಿದೆ. ಅಮೆರಿಕದಲ್ಲಿರುವ ಅವನ ಚಿಕ್ಕಪ್ಪನೂ ತನ್ನ ಮಗನಿಗೆ ಅದನ್ನೇ ಕೊಡಿಸಿದ್ದಾನೆ. ಅವನಿಗಿಂತ ನಾನು ಎಷ್ಟು ಹೆಚ್ಚು ತೆತ್ತೆನೆಂದು ಲೆಕ್ಕ ಹಾಕಿ ನೋಡಿದರೆ ಹೊಟ್ಟೆ ಉರಿಯುತ್ತದೆ” ಎಂದನು. ಅದಾದ ಮೂರು ದಿನಕ್ಕೆ ನನ್ನ ಮನೆಯವರು ಬೆಂಗಳೂರಿನ ನಮ್ಮ ಬೀದಿಯ ಅಂಗಡಿಯಿಂದ ಬ್ಯಾಡಗಿ ಮೆಣಸಿನಕಾಯಿಯ ಪೊಟ್ಟಣವೊಂದನ್ನು ತಂದು ಮೇಜಿನ ಮೇಲಿಟ್ಟು, “ಅಳಿಯಂದಿರಿಗೆ ಗೇಮು, ನಮಗೆ ಇದು” ಎಂದರು.

ನಮ್ಮ ಮಗಳ ಮದುವೆಯು ವೈಶಾಖಕ್ಕೆ ಗೊತ್ತಾಗಿತ್ತು. ಸಾರಿನ ಪುಡಿ, ಹುಳಿಯ ಪುಡಿ, ಉಪ್ಪಿನಕಾಯಿ ಎಂದು ಆ ವರ್ಷ ಮೆಣಸಿನಕಾಯಿಯ ಖರ್ಚು ಎಂದಿನದಾಗಿರಲಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರೂ ತಮಗೂ ಬೇಕೆಂದರು. ಐದು ಮನೆಗೆ ಸೇರಿ ಐವತ್ತು ಕಿಲೋ ಎಂದು ಲೆಕ್ಕವಾಯಿತು. ಬೆಳೆಯುವ ನಾಡಿಗೇ ಹೋಗಿ ತಂದರೆ ಎಷ್ಟು ಉಳಿದೀತು, ಈ ಬೆಲೆ ಎಲ್ಲಿ ಹುಟ್ಟಿ ಎಲ್ಲೆಲ್ಲಿ ಬೆಳೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಿದಂತೆಯೂ ಆದೀತೆಂದು ನಾವಿಬ್ಬರೂ ಫಾಲ್ಗುಣದಲ್ಲಿ ಹುಬ್ಬಳ್ಳಿಯ ರೈಲನ್ನು ಹತ್ತಿದೆವು.

ಹೊರಡುವ ಮುನ್ನ ಅಳಿಯನ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸಿದ್ದೆನು. ಅವನ ದೂರು ಅವನೊಬ್ಬನದಲ್ಲ. ಆಸ್ಟ್ರೇಲಿಯಾದ ಪಾರ್ಲಿಮೆಂಟಿನ ಒಂದು ಸಮಿತಿಯು ಇದನ್ನೇ ಕುರಿತು ವಿಚಾರಣೆ ನಡೆಸಿ 2013ನೆಯ ಇಸವಿಯ ಜುಲೈ ತಿಂಗಳಿನಲ್ಲಿ ವರದಿಯನ್ನು ಒಪ್ಪಿಸಿತು. ಕಂಪ್ಯೂಟರಿನ ಸಾಮಗ್ರಿ, ಸಂಗೀತ, ಗೇಮು ಮುಂತಾದವುಗಳಿಗೆ ಆ ದೇಶದವರು ಅನೇಕ ವೇಳೆ ಇತರ ದೇಶಗಳವರಿಗಿಂತ ಬಹಳ ಹೆಚ್ಚು ತೆರುತ್ತಿದ್ದಾರೆಂದು ಅದು ಕಂಡುಕೊಂಡಿತು. ಮಾರುವವರು ಹೇಳಿದ ಕಾರಣಗಳು ಹಲವು: ದೇಶ ದೂರ, ಕೊಳ್ಳುವ ಜನ ಕಡಮೆ, ಅಂಗಡಿಯ ಬಾಡಿಗೆ ಹೆಚ್ಚು, ಆಳಿನ ಕೂಲಿ ಹೆಚ್ಚು. ಇವುಗಳಲ್ಲಿ ನಿಜಾಂಶವಿಲ್ಲವೆನ್ನಲಾಗದು. ಆ ದೇಶದ ಬೆಲೆಚೀಟಿಯಲ್ಲಿ ನೂರಕ್ಕೆ 10ರಂತೆ ತೆರಿಗೆ ಸೇರಿಯೇ ಇರುತ್ತದೆ. ಅಮೆರಿಕದ ಬೆಲೆಚೀಟಿಯಲ್ಲಿ ತೆರಿಗೆ ಸೇರಿರುವುದಿಲ್ಲ. ಇದೂ ಅಂತರದ ಒಂದು ಪಾಲು. ಆದರೆ ಅಂಗಡಿಯೂ ಹಡಗೂ ಇಲ್ಲದೆ ತಂತಿಯ ಮೂಲಕವೇ ಮನೆಗೆ ಬಂದಿಳಿಯುವ ಗೇಮಿಗೂ ಹೆಚ್ಚು ಬೆಲೆಯೇ ಇತ್ತು. 2011ರಲ್ಲಿ ಆಸ್ಟ್ರೇಲಿಯಾದ ಡಾಲರು ಅಮೆರಿಕದ ಡಾಲರನ್ನು ಮೀರಿ ಏರಿದಾಗಲೂ ಬೆಲೆಗಳು ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಆದುದರಿಂದ, ಆ ಊರಿನವರು ಕೊಡಬಲ್ಲರು, ಕೊಟ್ಟು ರೂಢಿಯಾಗಿದೆ, ಆದ್ದರಿಂದ ಕೇಳಿದ್ದಾರೆ ಎಂಬುದೇ ಉಳಿದ ಕಾರಣ. ಹೀಗೆ ಸ್ಥಳವನ್ನು ನೋಡಿ ಹಾಕಿದ ಬೆಲೆಯು ನಮ್ಮ ಮೆಣಸಿನಕಾಯಿಯಲ್ಲಿಯೂ ಉಂಟೋ ಎಂಬ ಶಂಕೆಯನ್ನು ಚೀಲದಲ್ಲಿ ಕಟ್ಟಿಕೊಂಡೇ ಹೊರಟೆನೆನ್ನಬಹುದು.

ಬೆಂಗಳೂರಿನಿಂದ ಹೋಗುವವರಿಗೆ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದ ಮೇಲೆ ಮೊದಲು ರಾಣೆಬೆನ್ನೂರು, ಆಮೇಲೆ ಬ್ಯಾಡಗಿ, ಅದರ ಮುಂದೆ ಹಾವೇರಿ. ಮೂರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದೇ ರೈಲುಹಾದಿಯ ಮೇಲಿವೆ. ಹಿಂದೆ ಎಲ್ಲವೂ ಧಾರವಾಡ ಜಿಲ್ಲೆಗೆ ಸೇರಿದ್ದವು. 1997ರಲ್ಲಿ ಹಾವೇರಿಯು ಬೇರೆ ಜಿಲ್ಲೆಯಾಯಿತು. ನಾವು ಭಾನುವಾರ ಹಾವೇರಿಯಲ್ಲಿಳಿದು, ಸೋಮವಾರ ಬ್ಯಾಡಗಿಯ ಪೇಟೆಯನ್ನು ನೋಡಿ, ಮಂಗಳವಾರ ರಾಣೆಬೆನ್ನೂರಿನಿಂದ ಹಿಂದಿರುಗುವುದೆಂದು ಗೊತ್ತುಮಾಡಿಕೊಂಡೆವು.

ಹಾವೇರಿಯಲ್ಲಿ ಮೊದಲು ಸಿದ್ಧೇಶ್ವರನ ದರ್ಶನ. ಕಲ್ಯಾಣದ ಚಾಲುಕ್ಯರ ಕಾಲದ ಈ ಗುಡಿಯು ಇತರ ಗುಡಿಗಳಂತೆ ಪೂರ್ವಕ್ಕೆ ಮುಖ ಮಾಡದೆ ಪಡುವಣಕ್ಕೆ ಮುಖ ಮಾಡಿ ನಿಂತಿದೆ. ಸಂಜೆಯ ಬಿಸಿಲು ಬಳಪದ ಕಲ್ಲಿನ ಕಂಬಗಳ ಮೇಲೆ ಬಿದ್ದು ಒಳಕ್ಕೆ ಹರಿಯುವುದನ್ನು ನೋಡುತ್ತ ಕುಳಿತರೆ ಪೇಟೆಯ ಚಿಂತೆ ಕೆಲಹೊತ್ತು ಮರೆಯಾಗುತ್ತದೆ. ಆದರೆ ಹಾವೇರಿಯ ಹೆಸರನ್ನು ದೂರದವರು ಕೇಳಿರುವುದು ಹೆಚ್ಚಾಗಿ ಏಲಕ್ಕಿಯ ಹಾರದಿಂದ. ವಿಚಿತ್ರವೆಂದರೆ ಏಲಕ್ಕಿಯು ಈ ಬಯಲು ಸೀಮೆಯ ಬೆಳೆಯೇ ಅಲ್ಲ. ಹಿಂದಿನ ಕಾಲದಲ್ಲಿ ಮಲೆನಾಡಿನ ಏಲಕ್ಕಿಯು ಹೇರಿನ ಮೇಲೆ ಇಲ್ಲಿಗೆ ಬರುತ್ತಿತ್ತು. ಇಲ್ಲಿಯ ಬಾವಿಯ ನೀರಿನಲ್ಲಿ ಅಂಟುವಾಳದೊಡನೆ ತೊಳೆದು, ಬೆಳ್ಳಗೆ ಮಾಡಿ, ಒಣಗಿಸಿ, ಮತ್ತೆ ದೇಶಾಂತರಕ್ಕೆ ಕಳುಹಿಸುತ್ತಿದ್ದರು. ಆ ವ್ಯಾಪಾರ ಹೋಯಿತು; ಅದರ ಕಂಪಾಗಿ ಹಾರದ ಕಸುಬು ಉಳಿಯಿತು. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಈ ಊರಿನಲ್ಲಿ ನಡೆದಾಗ ಈ ಹಾರಗಳಿಗೆ ಊರ ಗೌರವವೇ ಸಂದಿತು.

ಹಾರ ಕಟ್ಟುವ ಮನೆಯವರು ನಮ್ಮನ್ನು ಕೂರಿಸಿ ಕೆಲಸವನ್ನು ತೋರಿಸಿದರು. ಒಂದೇ ಗಾತ್ರದ, ಒಂದೇ ಬಣ್ಣದ ಕಾಯಿಗಳನ್ನು ಮೊದಲು ಆರಿಸಬೇಕು. ಸೀಳಿದ್ದು, ಸೊಟ್ಟಗಿದ್ದು, ಕಪ್ಪಿಟ್ಟದ್ದು ಬೇರೆಯಾಗುತ್ತದೆ. ಉಳಿದವನ್ನು ಸೂಜಿಯಿಂದ ಒಂದೊಂದಾಗಿ ಪೋಣಿಸಿ, ಎಳೆಗೆ ಎಳೆ ಸೇರಿಸಿ, ಜರಿಯನ್ನೂ ಬಣ್ಣದ ದಾರವನ್ನೂ ಹೆಣೆದು ಹಾರ ಮಾಡಬೇಕು. ಎಳೆ ಹೆಚ್ಚಿದಂತೆ ಬೆಲೆ ಹೆಚ್ಚು. ಇಷ್ಟು ಏಲಕ್ಕಿಯನ್ನು ಅಂಗಡಿಯಲ್ಲಿ ತೂಗಿಸಿದ್ದರೆ ಎಷ್ಟಾಗುತ್ತಿತ್ತೆಂದು ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿದ್ದುದನ್ನು ನನ್ನ ಮನೆಯವರು ಮುಖದಿಂದಲೇ ತಿಳಿದುಕೊಂಡು, “ಏಲಕ್ಕಿಯ ಲೆಕ್ಕ ಸರಿ; ಬೆರಳಿನ ಲೆಕ್ಕವನ್ನೂ ಹಾಕಿ” ಎಂದರು. ಮಾತು ನಿಜ. ಇಲ್ಲಿ ಹೆಚ್ಚಿದ ಬೆಲೆಯು ನಮ್ಮ ಕಣ್ಣೆದುರಿಗೇ, ಕೆಲಸ ಮಾಡುವ ಕೈಯಲ್ಲಿಯೇ ಹುಟ್ಟುತ್ತಿತ್ತು. ಇಂತಹ ಬೆಲೆಯಲ್ಲಿ ಚೌಕಾಸಿ ಮಾಡುವುದು ಮಿತವ್ಯಯವಲ್ಲ. ಮದುವೆಗೆಂದು ಎರಡು ಹಾರಗಳನ್ನು ಹೇಳಿದಷ್ಟು ಕೊಟ್ಟು ತೆಗೆದುಕೊಂಡೆವು.

ಮರುದಿನ ಬೆಳಗಾಗುವ ಮೊದಲೇ ಬ್ಯಾಡಗಿಯನ್ನು ಸೇರಿದೆವು. ಈ ತಾಲ್ಲೂಕು ಕನಕದಾಸರ ಕಾಗಿನೆಲೆಯನ್ನೂ ಕದರಮಂಡಲಗಿಯ ಆಂಜನೇಯನನ್ನೂ ಪಡೆದ ಪುಣ್ಯಭೂಮಿ. ದಂಡಿಯ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹಾದೇವಪ್ಪನವರು ಹುಟ್ಟಿದ ಮೋಟೆಬೆನ್ನೂರು ಇಲ್ಲಿಗೆ ಹತ್ತಿರ. ಆದರೆ ಸೋಮವಾರ ಮತ್ತು ಗುರುವಾರಗಳಲ್ಲಿ ಬ್ಯಾಡಗಿಗೆ ಹೋದವನಿಗೆ ಮೆಣಸಿನಕಾಯಿಯಲ್ಲದೆ ಮತ್ತೊಂದು ನೆನಪಿಗೆ ಬಾರದು. ಊರು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ರಾತ್ರಿಯಿಡೀ ಲಾರಿಗಳು ಬಂದು ಸಾಲುಗಟ್ಟಿ ನಿಂತಿರುತ್ತವೆ. ಪೇಟೆಯ ಅಂಗಳದಲ್ಲಿ ದಲಾಲರ ಅಂಗಡಿಗಳ ಮುಂದೆ ಚೀಲಗಳ ರಾಶಿ. ಎಲ್ಲಿ ನೋಡಿದರೂ ಕೆಂಪು. ಹೊಸಬರು ಸೀನುತ್ತ ಕಣ್ಣೊರಸಿಕೊಳ್ಳುತ್ತಿದ್ದರೆ, ಹಮಾಲರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಏನೂ ಆಗದವರಂತೆ ಓಡಾಡುತ್ತಾರೆ.

ಬ್ಯಾಡಗಿಯ ಕಾಯಿಯ ಗುಣವೇ ಬೇರೆ. ಖಾರ ಕಡಮೆ, ಬಣ್ಣ ಹೆಚ್ಚು. ಸಿಪ್ಪೆ ಸುಕ್ಕುಸುಕ್ಕಾಗಿರುತ್ತದೆ. ಇದರಲ್ಲಿ ಎರಡು ಜಾತಿ: ಉದ್ದವಾಗಿ ಸಣ್ಣಗಿದ್ದು ಬೀಜ ಕಡಮೆಯಿರುವುದು ಕಡ್ಡಿ, ಗಿಡ್ಡವಾಗಿ ದುಂಡಗಿದ್ದು ಬೀಜವೂ ಪರಿಮಳವೂ ಹೆಚ್ಚಾಗಿರುವುದು ಡಬ್ಬಿ. ಈ ಬಣ್ಣವು ನೀರಿಗೆ ಬಿಡುವುದಲ್ಲ, ಎಣ್ಣೆಗೆ ಬಿಡುವುದು. ಒಗ್ಗರಣೆಯಲ್ಲಿ ಹಾಕಿದ ಕೂಡಲೇ ಕೆಂಪೇರುವುದು ಇದರಿಂದಲೇ. ಕೊಚ್ಚಿಯ ಕಡೆಯ ಕಾರ್ಖಾನೆಗಳು ಈ ಬಣ್ಣದ ಸತ್ತ್ವವನ್ನು ಹಿಂಡಿ ತೆಗೆದು ದೇಶವಿದೇಶಗಳಿಗೆ ಕಳುಹಿಸುತ್ತವೆ. ತಿಂಡಿಗಳ ಬಣ್ಣಕ್ಕೂ, ಹೆಂಗಸರ ತುಟಿಯ ರಂಗಿಗೂ ಅದು ಒದಗುತ್ತದೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಆದರೆ ಬ್ಯಾಡಗಿಯ ಪೇಟೆಗೆ ಬರುವುದೆಲ್ಲ ಬ್ಯಾಡಗಿಯ ಹೊಲದ್ದಲ್ಲ. ಸುತ್ತಲಿನ ಹೊಲಗಳಲ್ಲಿ ಈಗ ಗೋವಿನಜೋಳವೂ ಹತ್ತಿಯೂ ಬಹಳವಾಗಿವೆ; ಕಾಯಿಯ ಹೆಚ್ಚಿನ ಪಾಲು ಗದಗ, ಬಳ್ಳಾರಿ, ರಾಯಚೂರುಗಳ ಕಡೆಯಿಂದಲೂ ಆಂಧ್ರದ ಕರ್ನೂಲಿನ ಕಡೆಯಿಂದಲೂ ಬರುತ್ತದೆ. 2043, 5531 ಎಂದು ಸಂಖ್ಯೆಗಳಿಂದ ಕರೆಯುವ ಸಂಕರ ತಳಿಗಳೂ ಬರುತ್ತವೆ. ದೂರದ ಅಂಗಡಿಯಲ್ಲಿ ಎಲ್ಲಕ್ಕೂ ಬ್ಯಾಡಗಿಯೆಂಬ ಒಂದೇ ಹೆಸರು. ಹೆಸರಿಗೆ ಬೆಲೆ ಕೊಟ್ಟು ಗುಣವನ್ನು ಪಡೆಯದೆ ಹೋಗುವುದು ನಮ್ಮಂಥವರ ಮೊದಲನೆಯ ನಷ್ಟ.

ಬೆಲೆ ಕಟ್ಟುವ ಬಗೆಯನ್ನು ನೋಡಿದೆವು. ರೈತನ ಕಾಯಿಯು ರಾಶಿರಾಶಿಯಾಗಿ ಲಾಟುಗಳಾಗುತ್ತದೆ. ಖರೀದಿದಾರರು ಸಾಲಿನುದ್ದಕ್ಕೂ ನಡೆಯುತ್ತ, ಚೀಲದ ಬಾಯಿಂದ ಹಿಡಿಗಾಯಿ ತೆಗೆದು, ಬಣ್ಣ ನೋಡಿ, ಮುರಿದು, ಮೂಸಿ, ಅಂಗೈಯಲ್ಲಿ ಅದುಮಿ ತೇವವನ್ನು ಅಂದಾಜು ಮಾಡಿ ಮುಂದೆ ಹೋಗುತ್ತಾರೆ. ಕೂಗಿ ಸವಾಲು ಮಾಡುವುದಿಲ್ಲ. ಪ್ರತಿಯೊಬ್ಬನೂ ತನ್ನ ಬೆಲೆಯನ್ನು ಮತ್ತೊಬ್ಬನಿಗೆ ಕಾಣದಂತೆ ಕಂಪ್ಯೂಟರಿನ ಟೆಂಡರಿನಲ್ಲಿ ನಮೂದಿಸುತ್ತಾನೆ. ಗೊತ್ತಾದ ವೇಳೆಗೆ ಎಲ್ಲಕ್ಕಿಂತ ಹೆಚ್ಚಿನದು ಪ್ರಕಟವಾಗುತ್ತದೆ. ಒಪ್ಪುವುದೂ ಬಿಡುವುದೂ ರೈತನಿಗೆ ಸೇರಿದ್ದು. ಬಿಟ್ಟರೆ ಬಾಡಿಗೆ ಕೊಟ್ಟು ಮನೆಗೆ ಒಯ್ಯಬೇಕು, ಇಲ್ಲವೆ ಬಾಡಿಗೆ ಕೊಟ್ಟು ಶೀತಲಗೃಹದಲ್ಲಿಡಬೇಕು. ಹೀಗಿರಲು ಬಿಡುವ ಸ್ವಾತಂತ್ರ್ಯವು ಎಷ್ಟರಮಟ್ಟಿನದೆಂಬುದನ್ನು ಓದುಗರೇ ಊಹಿಸಬಹುದು.

ರೋಣದ ಕಡೆಯಿಂದ ಬಂದ ರೈತನೊಬ್ಬನು ಹೆಂಡತಿಯೊಡನೆ ತನ್ನ ಚೀಲಗಳ ಪಕ್ಕದಲ್ಲಿ ಕುಳಿತಿದ್ದನು. ನನ್ನ ಮನೆಯವರು ಆಕೆಯೊಡನೆ ರೊಟ್ಟಿ ಬುತ್ತಿಗಳ ಮಾತನ್ನು ತೆಗೆದು ಕುಳಿತರು. ಧಾರಣೆ ಪ್ರಕಟವಾಯಿತು. ಆತನು ಚೀಟಿಯನ್ನು ನೋಡಿ ಏನೂ ಆಡದೆ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು. “ಹೆಂಗಾತ್ರಿ?” ಎಂದು ಪಕ್ಕದವನು ಕೇಳಿದಾಗ, “ಹ್ವಾದ ಗುರುವಾರಕ್ಕಿಂತ ಇಳದೈತಿ” ಎಂದಷ್ಟೇ ಹೇಳಿದನು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆಗೆ ತಿರುಗಿ, “ಯಜಮಾನ್ರ, ಅಂಗಡ್ಯಾಗ ಏನರ ತಗೊಳ್ಳಾಕ ಹ್ವಾದ್ರೂ ನಾವ ಬೆಲಿ ಕೇಳಬೇಕು, ಇಲ್ಲಿ ಮಾರಾಕ ಬಂದ್ರೂ ನಾವ ಬೆಲಿ ಕೇಳಬೇಕು. ಬೆಲಿ ಹೇಳಾಂವ್ರು ಯಾರಂತ ನಮಗ ಇನ್ನೂ ಗೊತ್ತಾಗಿಲ್ರಿ” ಎಂದನು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಅದು ನನಗೆ ಹೆಚ್ಚು ನಾಟಿತು.

ಸಿಟ್ಟು ಬಂದ ದಿನವನ್ನೂ ಈ ಅಂಗಳವು ಕಂಡಿದೆ. 2024ರ ಮಾರ್ಚ್ 11ನೆಯ ತಾರೀಖು, ಸೋಮವಾರವೇ. ಕಾಯಿಯು ಲಕ್ಷಾಂತರ ಚೀಲಗಳಲ್ಲಿ ಬಂದು ತುಂಬಿ, ಧಾರಣೆಯು ಹಿಂದಿನ ಪೇಟೆಯ ದಿನಕ್ಕಿಂತ ಬಹಳವಾಗಿ ಕುಸಿದಾಗ, ದೂರದ ಊರುಗಳಿಂದ ಬಂದಿದ್ದ ರೈತರು ರೊಚ್ಚಿಗೆದ್ದು ಪೇಟೆಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಬೆಂಕಿಯನ್ನು ಯಾರೂ ಮೆಚ್ಚಲಾರರು. ಆದರೆ ನಾವು ನೆನೆಯಬೇಕಾದ ಮಾತೊಂದುಂಟು: ಕೊಳ್ಳುವ ಸಂಸಾರಸ್ಥನಿಗೆ ಯಾವ ದಿನವು ಅಗ್ಗದ ದಿನವೋ, ಬೆಳೆದವನಿಗೆ ಅದೇ ಉರಿಯ ದಿನ. ನಾನು ಉಳಿತಾಯಕ್ಕೆಂದು ಬ್ಯಾಡಗಿಗೆ ಹೋಗಿದ್ದವನು. ರೋಣದ ರೈತನ ಪಕ್ಕದಲ್ಲಿ ಕುಳಿತು, ಯಾರ ಪಾಲಿನಿಂದ ಉಳಿಸಲು ಹೊರಟಿದ್ದೇನೆಂದು ನನ್ನನ್ನು ನಾನೇ ಕೇಳಿಕೊಳ್ಳಬೇಕಾಯಿತು.

ಪೇಟೆಯಿಂದ ಮುಂದಕ್ಕೆ ಕಾಯಿಯು ನಡೆಯುವ ಹಾದಿಯನ್ನು ಎಣಿಸಿದರೆ ಉತ್ತರ ಸ್ವಲ್ಪ ತಿಳಿಯಾಗುತ್ತದೆ. ಹಮಾಲಿ, ತೂಕ, ದಲಾಲಿ, ಪೇಟೆಯ ಶುಲ್ಕ, ಸರ್ಕಾರದ ತೆರಿಗೆ ಇವು ಮೊದಲು. ಅಲ್ಲಿಂದ ಕಾಯಿಯು ತೊಟ್ಟು ಬಿಡಿಸುವ ಮನೆಗಳಿಗೆ ಹೋಗುತ್ತದೆ. ಊರಿನ ಸಾವಿರಾರು ಹೆಂಗಸರಿಗೆ ಇದೇ ಜೀವನೋಪಾಯ. ಸಾಲಾಗಿ ಕುಳಿತು ಒಂದೊಂದೇ ಕಾಯಿಯ ತೊಟ್ಟು ಮುರಿದು ರಾಶಿ ಹಾಕುತ್ತಾರೆ. ಬಿಡಿಸಿದ ತೂಕದ ಮೇಲೆ ಕೂಲಿ. ಆಮೇಲೆ ಶೀತಲಗೃಹದ ಬಾಡಿಗೆ. ಬೆಳಕಿಗೂ ಸೆಕೆಗೂ ಕಾಯಿಯ ಬಣ್ಣ ಮಾಸುವುದರಿಂದ ವರ್ಷವಿಡೀ ಮಾರುವವನಿಗೆ ಅದು ಬೇಕೇ ಬೇಕು. ಆಮೇಲೆ ಲಾರಿ, ಸಗಟು ವ್ಯಾಪಾರಿ, ಪೊಟ್ಟಣ, ಪೊಟ್ಟಣದ ಮೇಲಿನ ಚಿತ್ರ, ಚಿತ್ರದ ಜಾಹೀರಾತು, ಕೊನೆಗೆ ನಮ್ಮ ಬೀದಿಯ ಅಂಗಡಿ. ಇವುಗಳಲ್ಲಿ ಹಲವು ನ್ಯಾಯವಾದ ಕೂಲಿಗಳು. ಕೆಲವು ನಮ್ಮ ಸೋಮಾರಿತನದ, ನಮ್ಮ ಅಜ್ಞಾನದ ದಂಡಗಳು. ಉಳಿಸಬೇಕಾದದ್ದು ಈ ಎರಡನೆಯ ಬಗೆಯಲ್ಲಿ.

ನಾವು ಪೇಟೆಯ ಹೊರಗಿನ ಅಂಗಡಿಯಲ್ಲಿ ಮೂವತ್ತು ಕಿಲೋ ಕಡ್ಡಿಯನ್ನೂ ಇಪ್ಪತ್ತು ಕಿಲೋ ಡಬ್ಬಿಯನ್ನೂ ತೆಗೆದುಕೊಂಡೆವು. ರೈತನ ಹೆಂಡತಿಯು ತಾನೇ ಜೊತೆಗೆ ಬಂದು ಆರಿಸಿಕೊಟ್ಟಳು. ಆಕೆಯಿಂದ ಕಲಿತ ಪಾಠಗಳನ್ನು ಗೃಹಿಣಿಯರ ಉಪಯೋಗಕ್ಕಾಗಿ ಬರೆಯುತ್ತೇನೆ. ಕಾಯಿಯನ್ನು ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು; ಬಗ್ಗಿಸಿದರೆ ಚರ್ಮದಂತೆ ಮಡಿಸಿಕೊಳ್ಳುವ ಕಾಯಿಯಲ್ಲಿ ತೇವವಿದೆ. ತೇವವೆಂದರೆ ಮೆಣಸಿನಕಾಯಿಯ ಬೆಲೆಗೆ ನೀರನ್ನು ಕೊಂಡಂತೆ. ನೂರಕ್ಕೆ 20 ಪಾಲು ತೇವವಿರುವ 10 ಕಿಲೋ ಕಾಯಿಯನ್ನು ತಂದು ನೂರಕ್ಕೆ 10 ಪಾಲಿಗೆ ಒಣಗಿಸಿದರೆ ಉಳಿಯುವುದು 8 ಕಿಲೋ 900 ಗ್ರಾಮಿನಷ್ಟು. ಒಂದು ಕಿಲೋಗೂ ಮೀರಿ ಆವಿಯಾಗಿ ಹೋಯಿತು. ಬಿಳಿಯ ಮಚ್ಚೆಗಳಿರುವ, ಒಳಗೆ ಬೂಸರು ಕಂಡ ಕಾಯಿಯನ್ನು ಎಷ್ಟು ಅಗ್ಗವಾದರೂ ತರಕೂಡದು. ಅದು ಆರೋಗ್ಯಕ್ಕೆ ಹಾನಿ. ಬಣ್ಣಕ್ಕೆ ಬ್ಯಾಡಗಿಯನ್ನೂ ಖಾರಕ್ಕೆ ಗುಂಟೂರನ್ನೂ ಬೆರೆಸಿಕೊಂಡರೆ ಎರಡರ ಖರ್ಚೂ ಹಿಡಿತಕ್ಕೆ ಬರುತ್ತದೆ. ಕಾಯಿಯನ್ನು ಇಡಿಯಾಗಿ ಒಣಗಿಸಿ, ಬೆಳಕು ಗಾಳಿ ತಾಗದ ಡಬ್ಬದಲ್ಲಿಟ್ಟು, ಮೂರು ತಿಂಗಳಿಗೆ ಬೇಕಾದಷ್ಟನ್ನೇ ಪುಡಿ ಮಾಡಿಸಬೇಕು. ಪುಡಿಯು ಕಾಯಿಗಿಂತ ಬೇಗ ಬಣ್ಣಗೆಡುತ್ತದೆ. ಪುಡಿಯನ್ನೇ ಕೊಳ್ಳಬೇಕಾಗಿ ಬಂದರೆ ಒಂದು ಲೋಟ ನೀರಿಗೆ ಚಿಟಿಕೆ ಉದುರಿಸಿ ನೋಡಿ: ಕೂಡಲೇ ಕೆಂಪು ಗೆರೆಗಳಾಗಿ ಬಣ್ಣವು ನೀರಿಗಿಳಿದರೆ ಅದು ಬೆರೆಸಿದ ಬಣ್ಣ, ಇಟ್ಟಿಗೆಯ ಪುಡಿಯಿದ್ದರೆ ತಳದಲ್ಲಿ ಕುಳಿತು ಬೆರಳಿಗೆ ಒರಟಾಗಿ ಸಿಕ್ಕುತ್ತದೆ. ಇಡಿಯ ಕಾಯಿಯು ಸುಳ್ಳು ಹೇಳಲಾರದು. ಪುಡಿಗೆ ಆ ಕಷ್ಟವಿಲ್ಲ.

ಮಂಗಳವಾರ ರಾಣೆಬೆನ್ನೂರು. ಮೂರೂ ಊರುಗಳಲ್ಲಿ ವ್ಯಾಪಾರದ ಭರಾಟೆ ಇಲ್ಲಿಯೇ ಹೆಚ್ಚು. ಊರಿನ ಹೊರಗೆ 1974ರಲ್ಲಿ ಏರ್ಪಟ್ಟ ಕೃಷ್ಣಮೃಗಗಳ ಅಭಯಾರಣ್ಯವುಂಟು. 119 ಚದರ ಕಿಲೋಮೀಟರು ವಿಸ್ತಾರ. ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಲು ಜನಸಾಗರ ಸೇರುತ್ತದೆ. ಮಳೆ ಬೆಳೆಗಳ ಜೊತೆಗೆ ಮುಂದಿನ ಧಾರಣೆಯನ್ನೂ ಅದರಲ್ಲಿ ಹುಡುಕುವವರುಂಟು. ಆದರೆ ನಮ್ಮನ್ನು ಇಲ್ಲಿ ನಿಲ್ಲಿಸಿದ್ದು ಬೀಜ. ಹತ್ತಿಯ ಮತ್ತು ತರಕಾರಿಯ ಸಂಕರ ಬೀಜಗಳು ಸುತ್ತಲಿನ ಹಳ್ಳಿಗಳಲ್ಲಿ ತಯಾರಾಗುತ್ತವೆ.

ಹಳ್ಳಿಯೊಂದರಲ್ಲಿ ಆ ಕೆಲಸವನ್ನು ನೋಡಿದೆವು. ಅರಳಲಿರುವ ಹೂವನ್ನು ಗುರುತಿಸಿ, ಅದರ ಗಂಡು ಕೇಸರಗಳನ್ನು ಚಿಮಟದಿಂದ ಕಿತ್ತು ತೆಗೆದು, ಮತ್ತೊಂದು ತಳಿಯ ಪರಾಗವನ್ನು ಕೈಯಿಂದ ಸವರಿ, ದಾರ ಕಟ್ಟಿ ಗುರುತು ಮಾಡುತ್ತಾರೆ. ಒಂದು ಹೂವಿಗೆ ಇಷ್ಟು. ಹೊಲದಲ್ಲಿ ಹೂವುಗಳಿಗೆ ಲೆಕ್ಕವಿಲ್ಲ. ಬೀಜವನ್ನು ಕಂಪನಿಯು ಮೊದಲೇ ಗೊತ್ತಾದ ಬೆಲೆಗೆ ಕೊಂಡು, ಬಿತ್ತಿ ಪರೀಕ್ಷೆ ಮಾಡಿ, ಶುದ್ಧವೆಂದು ಕಂಡರೆ ಹಣ ಕೊಡುತ್ತದೆ. ಅದೇ ಬೀಜವು ಹತ್ತು ಗ್ರಾಮಿನ ಬಣ್ಣದ ಪೊಟ್ಟಣಗಳಲ್ಲಿ ತಿರುಗಿ ಅಂಗಡಿಗೆ ಬಂದಾಗ ಗ್ರಾಮಿನ ಲೆಕ್ಕದಲ್ಲಿ ಬೆಲೆ. ನಡುವೆ ಏನು ಸೇರಿತು? ಪರೀಕ್ಷೆಯ ಖರ್ಚು, ವರ್ಷಗಟ್ಟಲೆ ತಳಿಯನ್ನು ಹುಡುಕಿದ ಪಂಡಿತರ ಶ್ರಮ, ಕೆಟ್ಟು ಹೋದ ಬೀಜದ ನಷ್ಟ ಇವೆಲ್ಲ ಸೇರಿದವು, ಸುಳ್ಳಲ್ಲ. ಇದರ ಜೊತೆಗೆ, ತಾಯಿ ತಂದೆ ತಳಿಗಳು ನನ್ನ ಕೈಯಲ್ಲಿವೆ, ಬೇಕಾದವರು ನನ್ನಲ್ಲಿಗೇ ಬರಬೇಕು ಎಂಬ ಅಧಿಕಾರದ ಬೆಲೆಯೂ ಸೇರಿತು. ಹಳೆಯ ಬ್ಯಾಡಗಿಯ ತಳಿಯಾದರೆ ರೈತನು ತನ್ನ ಹೊಲದ ಒಳ್ಳೆಯ ಕಾಯಿಯಿಂದಲೇ ಮುಂದಿನ ವರ್ಷಕ್ಕೆ ಬೀಜ ತೆಗೆದಿಡಬಲ್ಲನು. ಸಂಕರದ ಬೀಜವು ಮರುವರ್ಷ ಅದೇ ಗುಣವನ್ನು ಕೊಡುವುದಿಲ್ಲ. ಮತ್ತೆ ಪೊಟ್ಟಣವನ್ನೇ ಕೊಳ್ಳಬೇಕು.

ಅಲ್ಲಿ ನಿಂತಾಗ ಅಳಿಯನ ಪ್ರಶ್ನೆಗೆ ಉತ್ತರ ಹೊಳೆಯಿತು. ಅವನ ಗೇಮಿನ ಸೋದರಬಂಧುವು ಬ್ಯಾಡಗಿಯ ಮೆಣಸಿನಕಾಯಿಯಲ್ಲ, ರಾಣೆಬೆನ್ನೂರಿನ ಬೀಜದ ಪೊಟ್ಟಣ. ಮೆಣಸಿನಕಾಯಿಗೆ ನೂರು ಜನ ಮಾರುವವರು, ನೂರು ಜನ ಕೊಳ್ಳುವವರು. ಬೆಲೆಯು ಗಾಳಿಗೆ ಸಿಕ್ಕಿದ ಎಲೆಯಂತೆ ಹಾರಾಡುತ್ತದೆ, ಬೀಳುವಾಗ ಬೆಳೆದವನ ಮೇಲೆ ಬೀಳುತ್ತದೆ. ಗೇಮಿಗೂ ಬೀಜಕ್ಕೂ ಒಡೆಯನು ಒಬ್ಬನೇ. ಬೆಲೆಯನ್ನು ಅವನೇ ಹೇಳುತ್ತಾನೆ, ಊರನ್ನು ನೋಡಿ ಹೇಳುತ್ತಾನೆ. ರೋಣದ ರೈತನು ಹುಡುಕುತ್ತಿದ್ದ “ಬೆಲಿ ಹೇಳಾಂವ್ರು” ಇಂತಹವರು. ಇಂತಹ ಬೆಲೆಯ ಮುಂದೆ ಕೊಳ್ಳುವವನಿಗಿರುವ ಆಯುಧಗಳು ಮೂರೇ: ಕಾಯುವುದು, ಬೇರೆಡೆ ವಿಚಾರಿಸುವುದು, ಇದ್ದುದನ್ನು ಹಂಚಿಕೊಳ್ಳುವುದು.

ಆದುದರಿಂದ ಅಳಿಯನಿಗೆ ಹೀಗೆ ಬರೆದೆನು. ಗೇಮು ಹೊರಬಿದ್ದ ದಿನವೇ ಕೊಳ್ಳುವುದು ಆಷಾಢದಲ್ಲಿ ಮೆಣಸಿನಕಾಯಿ ಕೊಂಡಂತೆ. ಕೆಲವು ತಿಂಗಳು ಕಾದರೆ ಬೆಲೆ ತಾನೇ ಇಳಿಯುತ್ತದೆ. ತಂತಿಯಲ್ಲಿ ಇಳಿಸಿಕೊಂಡದ್ದು ಪುಡಿಯಂತೆ, ತಟ್ಟೆಯಲ್ಲಿ ಬಂದದ್ದು ಇಡಿಯ ಕಾಯಿಯಂತೆ: ತಟ್ಟೆಯನ್ನು ಆಡಿ ಮುಗಿದ ಮೇಲೆ ಮಾರಬಹುದು, ಗೆಳೆಯರಲ್ಲಿ ಅದಲುಬದಲು ಮಾಡಿಕೊಳ್ಳಬಹುದು, ಒಬ್ಬರು ಬಳಸಿದ್ದನ್ನು ಅರ್ಧ ಬೆಲೆಗೆ ಕೊಳ್ಳುವುದರಲ್ಲಿ ಅವಮಾನವಿಲ್ಲ. ನಾಲ್ಕಾರು ಅಂಗಡಿಗಳ ಬೆಲೆಯನ್ನು ಹೋಲಿಸಿ, ಬೇರೆ ದೇಶದಿಂದ ತರಿಸುವುದಾದರೆ ಸಾಗಣೆ ತೆರಿಗೆಗಳನ್ನು ಸೇರಿಸಿಯೇ ಲೆಕ್ಕ ಹಾಕು. ಕೊಳ್ಳುವವರಿಗೆ ಇಂತಹ ನ್ಯಾಯಸಮ್ಮತವಾದ ದಾರಿಗಳನ್ನು ತಿಳಿಸಿಕೊಡಬೇಕೆಂಬುದು 2013ರ ಆ ಸಮಿತಿಯ ಸಲಹೆಗಳಲ್ಲಿಯೂ ಒಂದು. ಕೊನೆಗೆ ಒಂದು ಮಾತನ್ನು ಸೇರಿಸಿದೆನು: ಹುಡುಗನಿಗೆ ಬೆಲೆ ಹೆಚ್ಚೆಂದು ಗೊಣಗಿ ತೋರಿಸಬೇಡ, ಏಕೆ ಹೆಚ್ಚೆಂದು ಕೂರಿಸಿಕೊಂಡು ಹೇಳು. ಆ ಪಾಠ ಅವನಿಗೆ ಆಟಕ್ಕಿಂತ ಹೆಚ್ಚು ಕಾಲ ಉಳಿದೀತು.

ನಮ್ಮ ಲೆಕ್ಕವನ್ನೂ ಮುಚ್ಚಿಡದೆ ಹೇಳಬೇಕು. ಉಳಿತಾಯವಾದದ್ದು ನಿಜ, ಆದರೆ ನಾವೊಬ್ಬರೇ ನಮ್ಮ ಹತ್ತು ಕಿಲೋಗೆಂದು ಹೋಗಿದ್ದರೆ ಉಳಿದದ್ದೆಲ್ಲ ರೈಲಿಗೂ ವಸತಿಗೂ ಸರಿಹೋಗುತ್ತಿತ್ತು. ಐದು ಮನೆಗಳು ಸೇರಿದ್ದರಿಂದಲೇ ಹೋದದ್ದು ಸಾರ್ಥಕವಾಯಿತು. ತೊಟ್ಟು ಬಿಡಿಸದ ಕಾಯಿಯನ್ನು ತಂದು ನಾವೇ ಬಿಡಿಸಿದೆವು. ನಾಲ್ಕು ಮಧ್ಯಾಹ್ನ ನೆರೆಯವರೆಲ್ಲ ನಮ್ಮ ಮನೆಯ ಹಜಾರದಲ್ಲಿ ಕುಳಿತು ಬಿಡಿಸುವಾಗ ಅಂಗೈಗಳೆಲ್ಲ ಉರಿದು, ಬ್ಯಾಡಗಿಯ ಆ ಹೆಂಗಸರ ಕೂಲಿಯು ಹೆಚ್ಚೆಂದು ಇನ್ನು ಮುಂದೆ ಯಾರೂ ಹೇಳದಂತಾಯಿತು.

ಮುಖ್ಯವಾದ ಉಳಿತಾಯವು ಮುಂದಿನ ವರ್ಷಕ್ಕೆ ಸೇರಿದ್ದು. ಬ್ಯಾಡಗಿಯಿಂದ ಹೊರಡುವಾಗ ನನ್ನ ಮನೆಯವರು ರೋಣದ ಆ ದಂಪತಿಗಳೊಡನೆ ಒಂದು ಮಾತನ್ನು ಆಡಿ ಬಂದಿದ್ದರು. “ಬರುವ ವರ್ಷ ನಿಮ್ಮ ಮನೆಯ ಅಂಗಳದಿಂದಲೇ ಐದು ಮನೆಗೆ ಬೇಕಾದ ಕಾಯಿಯನ್ನು ನಾವು ತೆಗೆದುಕೊಳ್ಳುತ್ತೇವೆ. ಚೆನ್ನಾಗಿ ಒಣಗಿಸಿ ಕಳುಹಿಸಿ. ಆ ವಾರದ ಬ್ಯಾಡಗಿಯ ಧಾರಣೆ ಎಷ್ಟು, ನಮ್ಮ ಬೀದಿಯ ಅಂಗಡಿಯ ಬೆಲೆ ಎಷ್ಟು, ನೋಡೋಣ. ಸಾಗಣೆಯನ್ನು ಕಳೆದು ನಡುವೆ ಉಳಿಯುವುದರಲ್ಲಿ ಅರ್ಧ ನಿಮಗೆ, ಅರ್ಧ ನಮಗೆ” ಎಂದಿದ್ದರು. ರೈತನು ಕೆಲಹೊತ್ತು ಸುಮ್ಮನಿದ್ದು, “ಧಾರಣಿ ಭಾಳ ಏರಿದ್ರ?” ಎಂದು ಕೇಳಿದನಂತೆ. “ಏರಿದರೂ ಇದೇ ಲೆಕ್ಕ” ಎಂದರಂತೆ ಇವರು. ಆಗ ಅವನ ಹೆಂಡತಿಯು, “ಹಂಗಾದ್ರ ಬರ್ರೀ, ಅವ್ವಾ, ರೊಟ್ಟಿ ಊಟಕ್ಕ ಬರ್ರೀ” ಎಂದು ಕರೆದಳಂತೆ.

ಮದುವೆಯು ಸಾಂಗವಾಗಿ ನೆರವೇರಿತು. ಹುಳಿಯ ಬಣ್ಣವನ್ನು ಬೀಗರು ಹೊಗಳಿದರು. ಏಲಕ್ಕಿಯ ಹಾರಗಳು ಈಗಲೂ ದೇವರ ಕೋಣೆಯಲ್ಲಿ ತೂಗುತ್ತಿವೆ. ಬಾಗಿಲು ತೆರೆದರೆ ಕಂಪು. ಗೋಡೆಯ ಪಂಚಾಂಗದಲ್ಲಿ ಮುಂದಿನ ಫಾಲ್ಗುಣದ ಒಂದು ಸೋಮವಾರಕ್ಕೆ ನನ್ನ ಮನೆಯವರು ಆಗಲೇ ಗುರುತು ಹಾಕಿಟ್ಟಿದ್ದಾರೆ.